ಖಜಾನೆ ಕೋಣೆಯಲ್ಲಿ ಹೆಣ್ಣು ನೋಡಿದ್ದು

ಯಾರಾದರೂ ಇಬ್ಬರು ಬಾಗಿಲಲ್ಲಿ ನಿಂತು "ನೀವು ಮುಂದ ನಡೀರಿ", "ಏ ಇಲ್ರಿ, ನೀವು ನಡೀರಿ" ಎಂದು ಉಪಚಾರ ಶುರುಮಾಡಿದರೆ ಸಾಕು, ನನ್ನ ಅಂಗಾಲಿನ ಸಿಟ್ಟು ನೆತ್ತಿಗೇರುತ್ತದೆ. ಮೊನ್ನೆ ಕೊಪ್ಪಳದ ಬ್ಯಾಂಕೊಂದರ ಬಾಗಿಲಲ್ಲಿ ಹೀಗೇ ಆಯಿತು. ಇಬ್ಬರು ಹಿರಿಯರು. ಗಾಜಿನ ಬಾಗಿಲನ್ನು ಅರ್ಧ ತೆಗೆದು ಹಿಡಿದುಕೊಂಡು ಒಬ್ಬರನ್ನೊಬ್ಬರು ಒಳಗೆ ನೂಕುತ್ತಿದ್ದಾರೆ. ಒಳಗಿನ ತಂಪು ಗಾಳಿಯೆಲ್ಲ ಬೀದಿಪಾಲಾಗುತ್ತಿದೆ. ಹಿಂದೆ ನಾವು ಒಂದಷ್ಟು ಮಂದಿ ಬಿಸಿಲಲ್ಲಿ ಬೇಯುತ್ತಿದ್ದೇವೆ. ನಾನು ಇಬ್ಬರ ನಡುವೆ ನುಗ್ಗಿ, "ಸರೀರಿ, ನಾನ ಹೋಗ್ತೀನಿ" ಎಂದು ಒಳಗೆ ಹೋದೆ. "ಯಾರ್ರೀ ಈಕಿ, ಭಾಳ ಗಂಡುಬೀರಿ ಅದಾಳ" ಎಂದದ್ದು ಹಿಂದಿನಿಂದ ಕೇಳಿಸಿತು. ಇರಲಿ, ಆ ಬಿರುದು ನನಗೆ ಹೊಸದಲ್ಲ.

ಉಪಚಾರದ ಮೇಲೆ ಇಷ್ಟು ಸಿಟ್ಟೇಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ಹೇಳದೆ ಇಟ್ಟುಕೊಂಡರೆ ನನಗೆ ಉಂಡ ರೊಟ್ಟಿ ಅರಗುವುದಿಲ್ಲ.

ನಾನು ಆಟದ ಟೀಚರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸೀಟಿ ಊದಿ ಊದಿ ನಿವೃತ್ತಿಯ ಹತ್ತಿರ ಬಂದಿದ್ದೇನೆ. ಹೆಸರು ಶಾಂತಾ. ಯಾಕೆ ಇಟ್ಟರೋ, ಇಟ್ಟವರನ್ನೇ ಕೇಳಬೇಕು, ಅವರೂ ಈಗ ಇಲ್ಲ. ನಮ್ಮ ಅಣ್ಣ ಬಸಣ್ಣನದು ಗಂಗಾವತಿಯಲ್ಲಿ ಗೊಬ್ಬರದ ಅಂಗಡಿ. ಅವನಿಗೆ ಒಬ್ಬಳೇ ಮಗಳು, ತಾಯಿಯಿಲ್ಲದ ಭಾಗ್ಯಾ. ಸರ್ವೇಯರ್ ಕೆಲಸ ಸಿಕ್ಕ ಮೇಲೆ ಕೊಪ್ಪಳದಲ್ಲಿ ನನ್ನ ಮನೆಯಲ್ಲೇ ಇದ್ದಾಳೆ. ಬದುವಿನ ಮೇಲೆ ಕೊಡಲಿ ಹಿಡಿದು ನಿಂತ ಅಣ್ಣತಮ್ಮಂದಿರ ನಡುವೆ ಹೊಲ ಅಳೆದು, ಕಲ್ಲು ನೆಡಿಸಿ ಬರುವ ಹುಡುಗಿ. ಮನೆಗೆ ಬಂದರೆ ಮಾತ್ರ, "ಅತ್ತಿ, ಜಿರಳಿ!" ಎಂದು ಕುರ್ಚಿ ಹತ್ತುತ್ತಾಳೆ.

ಇವಳಿಗೆ ಯಲಬುರ್ಗಾದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಸಂತೋಷ, ಕೊಪ್ಪಳದಲ್ಲೇ ನೌಕರಿ. ಫೋನಿನಲ್ಲಿ ಮಾತಾಡಿದರು, ಎರಡು ಸಲ ಚಹಾ ಕುಡಿದರು. ಹುಡುಗ ನಗುನಗುತ್ತ ಇರುತ್ತಾನೆ, ನನಗೂ ಹಿಡಿಸಿದ. ಕೊನೆಗೆ ಎರಡೂ ಮನೆಯವರು ಸೇರಬೇಕು ಎಂದಾಗ ಅವನೇ ಹೊಸ ಮಾತು ತೆಗೆದ.

"ಉಪ್ಪಿಟ್ಟು, ಸಿರಾ ತಿಂದು ನೆಲಾ ನೋಡಿಕೋತ ಕುಂದ್ರೂದು ಬ್ಯಾಡ. ಎಲ್ಲಾರೂ ಕೂಡಿ ಒಂದು ತಾಸು ಆಟ ಆಡೂಣು. ಯಾರು ಹೆಂಗ ಅದಾರ ತಾನ ಗೊತ್ತಾಕ್ಕೈತಿ" ಎಂದನಂತೆ. ಭಲೆ ಹುಡುಗ ಎಂದುಕೊಂಡೆ. ಆಟ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಭಾಗ್ಯಾ, "ಅತ್ತಿ, ಹುಡುಗ ನನಗ ಇಷ್ಟ ಅದಾನ, ಖರೇ ಹೇಳ್ತೀನಿ. ಆದ್ರ ಆ ಮನ್ಯಾಗ ನಾ ಒಂದು ಮಾತು ಅಂದ್ರ ಯಾರರ ಕಿವಿ ಕೊಡ್ತಾರೋ ಇಲ್ಲೋ, ಅಷ್ಟ ನೋಡ್ಬೇಕು. ನೀನೂ ಕಣ್ಣು ತಗದು ನೋಡು" ಎಂದಳು. ಇಷ್ಟೇ ಅವಳು ಕೇಳಿದ್ದು. ಬಂಗಾರ ಕೇಳಲಿಲ್ಲ, ಬೇರೆ ಮನೆ ಮಾಡು ಎನ್ನಲಿಲ್ಲ.

ಆಟದ ಹೆಸರು ಎಸ್ಕೇಪ್ ರೂಮ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೊಕ್ಕ ಕೊಟ್ಟು ಒಂದು ಕೋಣೆಯೊಳಗೆ ಹೋಗಬೇಕು. ಅವರು ಹೊರಗಿನಿಂದ ಬಾಗಿಲು ಹಾಕುತ್ತಾರೆ. ಒಳಗೆ ಹುಡುಕಿ, ಓಡಿ, ತೆವಳಿ, ಹತ್ತಿ, ಇಳಿದು, ಎಲ್ಲರೂ ಕೂಡಿ ಬುದ್ಧಿ ಓಡಿಸಿ ಒಂದು ತಾಸಿನೊಳಗೆ ಹೊರಗೆ ಬರಬೇಕು. ಗಂಗಾವತಿಯ ಹೊರಗೆ ಹಳೆಯ ಅಕ್ಕಿ ಗಿರಣಿಯ ಗೋದಾಮೊಂದನ್ನು ಹಿಡಿದು ಯಾರೋ ಇದನ್ನು ಮಾಡಿದ್ದಾರೆ. ಮೂಲೆಯಲ್ಲಿ ಇನ್ನೂ ತೌಡಿನ ವಾಸನೆ ಹೋಗಿಲ್ಲ. "ಬೀಗರಾಗೂ ಮೊದಲ ಬೀಗ ಹಾಕಿಸಿಕೊಂಡ್ರಿ" ಎಂದು ಅಣ್ಣನ ಅಂಗಡಿಗೆ ಬಂದವರೆಲ್ಲ ನಕ್ಕದ್ದಾಗಿದೆ. ದಯಮಾಡಿ ನೀವೂ ಅದನ್ನು ಹೇಳಬೇಡಿ, ಕೇಳಿ ಕೇಳಿ ನನಗೆ ಸಾಕಾಗಿದೆ.

ನನ್ನ ಮೊದಲ ಸಿಟ್ಟು ಹೊರಗೇ ಶುರುವಾಯಿತು. ಕೋಣೆಗೆ 'ಕೋಟೆಯ ಖಜಾನೆ' ಎಂದು ಹೆಸರಿಟ್ಟು, ಗೋಡೆಗೆಲ್ಲ ಥರ್ಮಾಕೋಲಿನ ಬಂಡೆ ಅಂಟಿಸಿ ಬಣ್ಣ ಬಳಿದಿದ್ದಾರೆ. ಅಲ್ಲ, ಗಂಗಾವತಿಯಲ್ಲಿ ನಿಂತು ಯಾವ ದಿಕ್ಕಿಗೆ ತಿರುಗಿದರೂ ಬಂಡೆ. ಹೇಮಗುಡ್ಡದ ಕಡೆ ಹೋದರೆ ಬಂಡೆ, ಹೊಳೆಯ ಕಡೆ ಹೋದರೆ ಬಂಡೆ. ಇಷ್ಟು ಬಂಡೆಯನ್ನು ದೇವರು ಪುಕ್ಕಟೆ ಕೊಟ್ಟಿರುವಾಗ ಥರ್ಮಾಕೋಲಿನ ಬಂಡೆ ನೋಡಲು ಟಿಕೇಟು ತೆಗೆಯಬೇಕೆ? "ಶಾಂತಾ, ಮಂದಿ ಬಂದಾರ, ಸುಮ್ನಿರು" ಎಂದ ಅಣ್ಣ. ಅಣ್ಣನಿಗೆ ಈ ಸಂಬಂಧ ಬೇಕೇ ಬೇಕಾಗಿತ್ತು. ಬೆಳಿಗ್ಗೆಯಿಂದಲೇ ನನಗೆ ಸುಮ್ಮನಿರುವ ಪಾಠ ನಡೆದಿತ್ತು.

ಹುಡುಗನ ಕಡೆಯಿಂದ ಮೂವರು ಬಂದರು. ಸಂತೋಷ, ಅವನ ತಾಯಿ ನೀಲವ್ವ, ಅವನ ದೊಡ್ಡಪ್ಪ ಶರಣಪ್ಪನವರು. ಶರಣಪ್ಪನವರು ಕೆಟ್ಟವರು ಎಂದು ಹೇಳಿ ಪಾರಾಗುವಂತಿದ್ದರೆ ನನಗೆ ಸುಲಭವಿತ್ತು. ಆದರೆ ಅವರು ಕೆಟ್ಟವರಲ್ಲ. ತಮ್ಮ ಸತ್ತ ಮೇಲೆ ಅವನ ಹೆಂಡತಿ ಮಗನನ್ನು ಮನೆಯಲ್ಲಿಟ್ಟುಕೊಂಡು, ಹುಡುಗನನ್ನು ಓದಿಸಿ ದಾರಿಗೆ ಹಚ್ಚಿದವರು. ಕಚ್ಚೆ ಹಾಕಿದ ಧೋತರ, ಇಸ್ತ್ರಿ ಮಾಡಿದ ಜುಬ್ಬಾ, ಕೋಣೆ ತುಂಬುವ ನಗು. ಭಾಗ್ಯಾಳಿಗೆಂದು ಕಿನ್ನಾಳದ ಗೊಂಬೆ ತಂದಿದ್ದರು. "ಏನವಾ ಸರ್ವೇಯರ್, ನಮ್ಮ ಹೊಲ ಒಂದೀಟು ಹೆಚ್ಚಿಗಿ ಅಳದು ಕೊಡ್ತಿಯಿಲ್ಲ?" ಎಂದು ಚೇಷ್ಟೆ ಮಾಡಿದರು. ನೀಲವ್ವ ಅವರ ಹಿಂದೆ, ಒಂದು ಮಾರು ದೂರದಲ್ಲಿ, ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ಇಳಕಲ್ ಸೀರೆಯ ಸೆರಗು ಹಣೆಯವರೆಗೂ ಬಂದಿತ್ತು.

ಇನ್ನು ಬಾಗಿಲು. ಒಳಗೆ ಹೋದ ಕ್ರಮದಲ್ಲೇ ಮುಂಗೈಗೆ ಒಂದೊಂದು ಬಣ್ಣದ ಪಟ್ಟಿ ಅಂಟಿಸುತ್ತಾರೆ, ಕೊನೆಯತನಕ ಅದೇ ನಿಮ್ಮ ಗುರುತು. ಅಲ್ಲಿ ಶುರುವಾಯಿತು ನೋಡಿ. "ಬಸಣ್ಣನವರ, ನೀವು ನಡೀರಿ." "ಛೇ ಛೇ, ನೀವು ಹಿರಿಯರು, ನೀವು ನಡೀರಿ." "ನಾವು ಗಂಡಿನ ಕಡಿಯವ್ರು ಇದ್ರೂ ನಿಮ್ಮ ಊರಾಗ ಅದೀವಿ, ನೀವ ಮುಂದ." "ಅದ ಅಂತೀನ್ರಿ, ನಮ್ಮೂರಿಗೆ ಬಂದೀರಿ, ನೀವ ಮುಂದ." ಇಬ್ಬರೂ ಒಬ್ಬರ ರಟ್ಟೆ ಒಬ್ಬರು ಹಿಡಿದು ಎಳೆದಾಡುತ್ತಿದ್ದಾರೆ. ಸಂತೋಷ ನಗುತ್ತ ನಿಂತಿದ್ದಾನೆ. ನನಗೆ ತಡೆಯಲಾಗಲಿಲ್ಲ. ಭಾಗ್ಯಾಳ ಕೈ ಹಿಡಿದು ನಾನೇ ಮೊದಲು ಒಳಗೆ ನಡೆದೆ. ನಮ್ಮ ಹಿಂದೆ ಸಂತೋಷ ಬಂದ, ಆಮೇಲೆ ಹೇಗೋ ಸೋತು ಅಣ್ಣ, ಗೆದ್ದ ಖುಷಿಯಲ್ಲಿ ಶರಣಪ್ಪನವರು. ಎಲ್ಲರ ಹಿಂದೆ ನೀಲವ್ವ. ಅವರಿಗೆ ಮುಂದೆ ನಡೆಯಿರಿ ಎಂದು ಯಾರೂ ಉಪಚಾರ ಮಾಡಲಿಲ್ಲ.

ಮೊದಲ ಕೋಣೆಯ ನೆಲದಲ್ಲಿ ಚೌಕಗಳು ಮಿನುಗುತ್ತಿದ್ದವು. ಹಸಿರು ಹತ್ತಿದಾಗ ಜಿಗಿಯಬೇಕು, ಕೆಂಪು ಹತ್ತಿದರೆ ಹಿಂದೆ ಬರಬೇಕು. ಕುಂಟಾಬಿಲ್ಲೆ ಆಡಿದವರಿಗೆ ಇದೇನು ಮಹಾ? ಭಾಗ್ಯಾ ಜಿಂಕೆಯಂತೆ ದಾಟಿದಳು. ನಾನು ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದೆ, ಎಮ್ಮೆಯಂತೆ ದಾಟಿದೆ. ಶರಣಪ್ಪನವರು ಒಂದು ಕೈಯಲ್ಲಿ ಧೋತರ ಎತ್ತಿ ಹಿಡಿದು ಕೆಂಪಿನ ಮೇಲೇ ಕಾಲಿಟ್ಟರು, ಮತ್ತೆ ಕೆಂಪು, ಮತ್ತೆ ಕೆಂಪು. "ಇದರ ವೈರಿಂಗ್ ಸರಿ ಇಲ್ಲ" ಎಂದರು. ಕುಣಿಲಾರದಾಕಿ ನೆಲ ಡೊಂಕು ಅಂದಳಂತೆ. ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಣ್ಣ ನನ್ನ ಮುಖ ನೋಡಿಯೇ ಕಣ್ಣು ಕೆಂಪಗೆ ಮಾಡಿದ.

ಮೇಲಿನಿಂದ ಮೈಕಿನಲ್ಲಿ ಒಬ್ಬ ಹುಡುಗಿಯ ದನಿ ಬಂತು. "ನಿಮಗೆ ಸುಳಿವು ಬೇಕೇ?"

"ಬ್ಯಾಡ್ರಿ!" ಎಂದರು ಶರಣಪ್ಪನವರು. ಕೇಳಿದರೆ ಮರ್ಯಾದೆ ಹೋಗುತ್ತದಲ್ಲ.

ಆಮೇಲೆ ಒಂದು ಸುರಂಗ, ಬಗ್ಗಿ ತೆವಳಿಕೊಂಡು ಹೋಗಬೇಕು. ಸುರಂಗ ಎಂದರೆ ನನಗೆ ನೆನಪಾಗುವುದು ಹನುಮಸಾಗರದ ಹತ್ತಿರ ನಮ್ಮ ಹಳ್ಳಿಯ ಹಗೇವು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ ಅದು, ಮೇಲೆ ಒಬ್ಬರು ಇಳಿಯುವಷ್ಟೇ ಬಾಯಿ. ಮೊದಲು ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಮನುಷ್ಯರು ಇಳಿಯಬೇಕು. ಅಡಗುವ ಆಟದಲ್ಲಿ ನಾನು ಒಮ್ಮೆ ಕಂದೀಲೂ ಇಲ್ಲದೆ ಖಾಲಿ ಹಗೇವಿನಲ್ಲಿ ಇಳಿದು ಕೂತುಬಿಟ್ಟೆ. ಆಡುವವರು ನನ್ನನ್ನು ಮರೆತು ಊಟಕ್ಕೆ ಹೋದರು. ನನ್ನನ್ನು ಹುಡುಕಿ ಮೇಲೆತ್ತಿದವನು ಇದೇ ಬಸಣ್ಣ, ಎತ್ತಿದ ಮೇಲೆ ಎರಡು ಏಟು ಹಾಕಿದವನೂ ಇವನೇ. ಆಗ ನಾನು ಗೇಣುದ್ದ ಇದ್ದೆ. ಈಗ ಸುರಂಗದ ನಡುವೆ ನನ್ನ ನಡು ಸಿಕ್ಕಿಕೊಂಡಿತು. "ಉಸಿರು ಬಿಡು, ಸಣ್ಣಾಗು" ಎಂದು ಹಿಂದಿನಿಂದ ಅಣ್ಣ ನೂಕಿದ. ಸಣ್ಣವಳಾಗು ಎಂದರೆ ಆಗಲು ನಾನೇನು ಬಲೂನೇ? ಮಕ್ಕಳಿಗೆ ಸೊಂಟ ಬಗ್ಗಿಸಿ ಎಂದು ದಿನಾ ಬಯ್ಯುವ ಟೀಚರನ್ನು ಬೆಂಡೆಕಾಯಿ ಚೀಲದಂತೆ ಹೊರಗೆಳೆದರು. ಆ ಹೊತ್ತಿಗೆ ನಾನೂ ನಕ್ಕೆ ಅನ್ನಿ.

ನಗು ಅಲ್ಲಿಗೇ ಮುಗಿಯಿತು.

ಮುಂದಿನ ಕೋಣೆಯಲ್ಲಿ ಗೋಡೆಗೆ ಕೋಟೆಯ ನಕಾಶೆ. ಭಾಗ್ಯಾ ಒಂದು ಸಲ ನೋಡಿದವಳೇ, "ದೊಡ್ಡಪ್ಪಾರ, ಎಡಕಿನ ಬಾಗಲದಾಗ ಹೋಗ್ಬೇಕ್ರಿ. ಉತ್ತರ ದಿಕ್ಕು ತೆಳಗ ಮಾಡಿ ಬರದಾರ" ಎಂದಳು. ಶರಣಪ್ಪನವರು ಅವಳ ತಲೆ ಸವರಿದರು. "ಭಾಳ ಶಾಣ್ಯಾ ಅದಾಳ ನಮ್ಮ ಹುಡುಗಿ!" ಎಂದರು. ಎಂದು ಬಲಗಡೆಯ ಬಾಗಿಲಿಗೆ ನಡೆದರು. ಎಲ್ಲರೂ ಅವರ ಹಿಂದೆ. ಆ ಬಾಗಿಲಿನ ಹಿಂದೆ ಬರೀ ಗೋಡೆ ಇತ್ತು, ಗೋಡೆಯ ಮೇಲೆ ಒಂದು ಅಸ್ಥಿಪಂಜರದ ಚಿತ್ರ ಹಲ್ಲು ಕಿಸಿಯುತ್ತಿತ್ತು. ವಾಪಸು ಬಂದಾಗಲೂ ಅವರು ಅವಳ ತಲೆ ಸವರಿದರು. ಎಡಕ್ಕೆ ಹೋಗೋಣ ಎಂದು ತಾವೇ ಕಂಡುಹಿಡಿದಂತೆ ಹೇಳಿದರು.

ಎಡಗಡೆಯ ಕೋಣೆಯಲ್ಲಿ ಒಂದು ಕೀಲಿಕೈ ಹುಡುಕಬೇಕು. ಶರಣಪ್ಪನವರು ನಡುವೆ ನಿಂತು, ಹಿಂದಿನ ಕಾಲದ ರಾಜರು ಕೀಲಿಕೈಯನ್ನು ಎಲ್ಲಿಡುತ್ತಿದ್ದರು ಎಂದು ವಿವರಿಸುತ್ತಿದ್ದರು. ಸಂತೋಷ, ಅಣ್ಣ ಇಬ್ಬರೂ ಕೈಕಟ್ಟಿ ಕೇಳುತ್ತಿದ್ದರು. ಆಗ ನಾನು ಕಂಡೆ, ನೀಲವ್ವ ಮಗನ ಅಂಗಿ ಜಗ್ಗಿದರು. ಬಂಡೆಯ ಸಂದಿಯೊಂದನ್ನು ಕಣ್ಣಿನಲ್ಲೇ ತೋರಿಸಿ, "ಅಲ್ಲೇ ಮ್ಯಾಲ ಐತಿ ನೋಡಪಾ. ದೊಡ್ಡಪ್ಪಗ ಹೇಳು" ಎಂದು ಪಿಸುಗುಟ್ಟಿದರು. ಸಂತೋಷ ತಿರುಗಿಯೂ ನೋಡದೆ, "ತಡಿಯವಾ, ದೊಡ್ಡಪ್ಪ ಮಾತಾಡಾಕತ್ತಾರ" ಎಂದ.

ಮೂರು ಮಾರು ದೂರದಲ್ಲಿ ನಿಂತ ಭಾವನಿಗೆ ಅವರೇ ಹೇಳಬಾರದೆ? ಹೇಳಬಾರದು. ತಮ್ಮನ ಹೆಂಡತಿ ಭಾವನ ಎದುರು ಬಾಯಿ ತೆರೆಯಬಾರದು, ಅದು ಮರ್ಯಾದೆ. ಇದು ನನಗೆ ಗೊತ್ತಿಲ್ಲದ ಮರ್ಯಾದೆಯೇನಲ್ಲ. ನಮ್ಮ ಅವ್ವ ನಮ್ಮ ದೊಡ್ಡಪ್ಪನೊಂದಿಗೆ ಬೆಕ್ಕಿನ ಮೂಲಕ ಮಾತಾಡುತ್ತಿದ್ದಳು. "ಬೆಕ್ಕ, ರೊಟ್ಟಿ ಆರಾಕತ್ತಾವು, ಊಟಕ್ಕ ಏಳಬೇಕಂತ ಹೇಳು" ಎನ್ನುವಳು. ದೊಡ್ಡಪ್ಪನೂ ಬೆಕ್ಕಿಗೇ, "ಎದ್ದೆ ಅಂತ ಹೇಳು" ಎನ್ನುವನು. ಬೆಕ್ಕು ತನ್ನ ಪಾಡಿಗೆ ಮೈ ನೆಕ್ಕಿಕೊಳ್ಳುತ್ತಿತ್ತು. ಅದು ಸತ್ತಾಗ ಅವ್ವ ಎಲ್ಲರಿಗಿಂತ ಹೆಚ್ಚು ಅತ್ತಳು. ಪ್ರೀತಿ ಎಂದುಕೊಂಡಿದ್ದೆವು. ಆಮೇಲೆ ಕೆಲವು ದಿನ ಒಲೆಗೆ ಹೇಳಿದಳು, ರೊಟ್ಟಿಬುಟ್ಟಿಗೆ ಹೇಳಿದಳು. ಒಮ್ಮೆ ದೊಡ್ಡಪ್ಪನ ಧೋತರಕ್ಕೆ ಕಿಡಿ ಹಾರಿದಾಗಲೂ, "ಬುಟ್ಟಿ, ಬುಟ್ಟಿ, ಬೆಂಕಿ!" ಎಂದು ಬುಟ್ಟಿಗೇ ಕೂಗಿದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ಅದು ನಗುವ ಕಥೆ ಅನ್ನಿಸುವುದಿಲ್ಲ.

ಕೊನೆಗೆ ಶರಣಪ್ಪನವರೇ ಸುಸ್ತಾಗಿ ಬಂಡೆಗೆ ಒರಗಿದರು. ಕೀಲಿಕೈ ಅವರ ತಲೆಯ ಮೇಲೆ ಬಿತ್ತು. "ಸಿಕ್ತು ನೋಡ್ರಿ!" ಎಂದು ಎತ್ತಿ ಹಿಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಸಂತೋಷನದೇ ಜೋರು. ಸೆರಗಿನೊಳಗೆ ನೀಲವ್ವನೂ ತಟ್ಟಿದರು. ಭಾಗ್ಯಾ ಮಾತ್ರ ತಟ್ಟಲಿಲ್ಲ. ಅವಳೂ ಕೇಳಿಸಿಕೊಂಡಿದ್ದಳು ಎಂದು ನನಗೆ ಆಗ ತಿಳಿಯಿತು.

ನನ್ನ ಶಾಲೆಯ ಮಕ್ಕಳಿಗೆ ನಾನು ಖೋ-ಖೋ ಕಲಿಸುತ್ತೇನೆ. ಬೆನ್ನಿಗೆ 'ಖೋ' ಬಿದ್ದರೆ ಎದ್ದು ಓಡಬೇಕು, ಅಷ್ಟೇ. ಕೊಟ್ಟವಳು ಒಂಬತ್ತನೇ ಕ್ಲಾಸೋ ಎಂಟನೇ ಕ್ಲಾಸೋ, ಗೌಡರ ಮಗಳೋ ಕೂಲಿಯವರ ಮಗಳೋ ಎಂದು ತಿರುಗಿ ನೋಡುತ್ತ ಕೂತರೆ ಆಟ ಸತ್ತಂತೆಯೇ. ಹದಿಮೂರು ವರ್ಷದ ಹುಡುಗಿಯರಿಗೆ ಇದು ಒಂದೇ ದಿನಕ್ಕೆ ತಿಳಿಯುತ್ತದೆ. ಈ ದೊಡ್ಡವರಿಗೆ ಏನು ಧಾಡಿ?

ಕಡೆಯ ಕೋಣೆ. ಈ ಗೋಡೆಗೊಂದು, ಆ ಗೋಡೆಗೊಂದು ಕಬ್ಬಿಣದ ಕಂಬ. ನಡುವೆ ನೆಲದ ಮೇಲೆ ಆರು ಬಣ್ಣದ ಗುರುತು, ನಾವು ಬಾಗಿಲು ದಾಟಿದ ಕ್ರಮದಲ್ಲೇ. ಮೈಕಿನ ಹುಡುಗಿ ಹೇಳಿದಳು, "ನಿಮ್ಮ ಬಣ್ಣದ ಮೇಲೆ ನೀವೇ ನಿಲ್ಲಬೇಕು. ಎರಡು ತುದಿಯವರು ಕಂಬ ಹಿಡಿಯಿರಿ, ಎಲ್ಲರೂ ಕೈ ಕೈ ಹಿಡಿಯಿರಿ. ಸರಪಳಿ ಪೂರ್ತಿಯಾದರೆ ದೀಪ ಹತ್ತಿ ಬಾಗಿಲು ತೆರೆಯುತ್ತದೆ." ಈ ತುದಿಗೆ ನಾನು, ನನ್ನ ಪಕ್ಕ ಭಾಗ್ಯಾ, ಅವಳ ಪಕ್ಕ ಸಂತೋಷ, ಆಮೇಲೆ ಅಣ್ಣ, ಶರಣಪ್ಪನವರು, ಆ ತುದಿಗೆ ನೀಲವ್ವ. ಭಾಗ್ಯಾ, ಸಂತೋಷ ಒಬ್ಬರ ಮುಖ ಒಬ್ಬರು ನೋಡಿದರು. ಶರಣಪ್ಪನವರು ಗಹಗಹಿಸಿ ನಕ್ಕರು. "ಹಿಡೀರಿ, ಹಿಡೀರಿ! ಇವತ್ತಲ್ಲ ನಾಳೆ ಹಿಡಿಯಾವ್ರ ಅದೀರಿ. ನಾವೇನು ಹಳೇ ಕಾಲದವ್ರಲ್ಲ."

ಹಿಡಿದರು. ದೀಪ ಹತ್ತಲಿಲ್ಲ. ಬಿಗಿಯಾಗಿ ಹಿಡಿದರು, ಹತ್ತಲಿಲ್ಲ. ನಾನು ಕಂಬ ಜಗ್ಗಿದೆ, ಅಣ್ಣ ಅಂಗೈ ಒರೆಸಿಕೊಂಡ, ಸಂತೋಷ ವಾಚು ಬಿಚ್ಚಿದ. ಗೋಡೆಯ ಮೇಲೆ ಗಡಿಯಾರ ಇಳಿಯುತ್ತಿತ್ತು. ಕಡೆಗೆ ನಾನು ಕತ್ತು ಚಾಚಿ ಸಾಲಿನ ಆ ತುದಿಯವರೆಗೂ ನೋಡಿದೆ. ನೀಲವ್ವ ತಮ್ಮ ಅಂಗೈಗೆ ಸೆರಗು ಸುತ್ತಿಕೊಂಡಿದ್ದರು. ಶರಣಪ್ಪನವರು ಆ ಸೆರಗಿನ ಚುಂಗನ್ನು ಎರಡು ಬೆರಳಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ ನಿಂತಿದ್ದರು.

"ನಡುವೆ ಬಟ್ಟೆ ಬರಬಾರದು, ಬರಿಗೈ ಇರಬೇಕು" ಎಂದಿತು ಮೈಕು.

"ಅದು ನಮ್ಮ ಮನ್ಯಾಗ ನಡ್ಯಾಂಗಿಲ್ರಿ" ಎಂದರು ಶರಣಪ್ಪನವರು, ಛಾವಣಿಗೆ. "ಬ್ಯಾರೆ ಏನರ ಇದ್ರ ಹೇಳ್ರಿ."

ಅಣ್ಣ ನೆಲ ನೋಡಿದ. ನಾನು ಸಂತೋಷನನ್ನೇ ನೋಡುತ್ತಿದ್ದೆ. ಭಾಗ್ಯಾಳೂ ನೋಡುತ್ತಿದ್ದಳು, ಅವನ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ದೊಡ್ಡಪ್ಪ, ಆಕಿ ನಮ್ಮವ್ವ, ಕೈ ಹಿಡೀರಿ ಎಂದರೆ ಸಾಕಿತ್ತು. ಅವನು ನಕ್ಕ. "ಹೋಗ್ಲಿ ಬಿಡ್ರಿ. ಆಟ ಅಲ್ಲ, ಸೋತ್ರ ಏನಾತು?" ಎಂದ.

ನನ್ನ ಮೈಮೇಲೆ ಎಳ್ಳು ಹಾಕಿದರೆ ಸಿಡಿಯುತ್ತಿತ್ತು. "ಶರಣಪ್ಪನವರ!" ಎಂದೆ. ಮೈದಾನದ ದನಿ ಅದು, ಗೋದಾಮೆಲ್ಲ ಗುಂಯ್ ಎಂದಿತು. "ಅದು ಕೈರಿ, ಹಾವಲ್ಲ! ಅದ ಕೈಲೆ ಮಾಡಿ ಹಾಕಿದ ರೊಟ್ಟಿ ದಿನಾ ತಿಂತೀರಿ. ಆವಾಗ ನಡುವ ಬಟ್ಟಿ ಹಾಕ್ಕೋತೀರೇನು?"

"ಶಾಂತಾ!" ಎಂದ ಅಣ್ಣ. "ಬಾಯಿ ಮುಚ್ಚಬೇ ತಾಯಿ!"

"ಅಕ್ಕೋರ" ಎಂದರು ಶರಣಪ್ಪನವರು, ತಣ್ಣಗೆ. "ನಮ್ಮ ಮನಿ ರೀತಿ ನಿಮಗ ತಿಳ್ಯಾಂಗಿಲ್ಲ. ಆಕಿಗೂ ಅದು ಬೇಕಾಗಿಲ್ಲ. ಕೇಳ್ರಿ ಬೇಕಾದ್ರ."

ಯಾರೂ ಕೇಳಲಿಲ್ಲ. ಕೇಳುವ ಮೊದಲೇ ನೀಲವ್ವ ಅಂಗೈಯ ಸೆರಗು ಬಿಚ್ಚಿದರು. ನಿಧಾನವಾಗಿ, ಗಾಯದ ಪಟ್ಟಿ ಬಿಚ್ಚುವ ಹಾಗೆ ಬಿಚ್ಚಿ, ಬರಿಗೈ ಚಾಚಿದರು. ಮುಖ ಎತ್ತಲಿಲ್ಲ. ಚಾಚಿದ ಕೈ ಹಾಗೆಯೇ ಇತ್ತು. ಎಲ್ಲರೂ ನೋಡುತ್ತಿದ್ದಾರೆ ಎಂದು ತಿಳಿದು ಶರಣಪ್ಪನವರು ಅದನ್ನು ಹಿಡಿದರು. ತಕ್ಷಣ ದೀಪ ಹತ್ತಿತು, ಬಾಗಿಲು ತೆರೆಯಿತು, ನಗಾರಿ ಬಾರಿಸಿದ ಸದ್ದು ಬಂತು.

ಹೊರಗೆ ನಮ್ಮ ಕೈಗೆ 'ನಾವು ಪಾರಾದೆವು' ಎಂಬ ಫಲಕ ಕೊಟ್ಟು ಫೋಟೋ ತೆಗೆದರು. ಫೋಟೋದಲ್ಲಿ ಐವರೇ ಇದ್ದೇವೆ. ಶರಣಪ್ಪನವರು ನೆಟ್ಟಗೆ ಗೋದಾಮಿನ ಪಕ್ಕದ ನಲ್ಲಿಗೆ ಹೋಗಿದ್ದರು. ಜುಬ್ಬಾದ ತೋಳು ಏರಿಸಿ, ಸಾಬೂನು ಹಚ್ಚಿ, ಆ ಕೈಯನ್ನು ಮುಂಗೈವರೆಗೂ ತಿಕ್ಕಿ ತೊಳೆಯುತ್ತಿದ್ದರು. ನೀಲವ್ವ ನಿಂತು ನೋಡಿದರು. ಆಮೇಲೆ ತಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡರು. ನನಗೆ ಆ ನಲ್ಲಿಯನ್ನೇ ಕಿತ್ತು ಒಗೆಯಬೇಕು ಅನ್ನಿಸಿತು. ಈಗ ಬರೆಯುವಾಗಲೂ ಅನ್ನಿಸುತ್ತಿದೆ.

ಕಾರಿನ ಹತ್ತಿರ ಭಾಗ್ಯಾ ಸಂತೋಷನನ್ನು ಕೇಳಿದಳು, "ಕೀಲಿಕೈ ಎಲ್ಲೈತಿ ಅಂತ ನಿಮ್ಮವ್ವಾರು ಮೊದಲ ಹೇಳಿದ್ರಲ್ಲ, ನೀವ್ಯಾಕ ಕೇಳಲಿಲ್ರಿ?"

"ಅವ್ವಗ ರೂಢಿ ಐತಿ" ಎಂದ ಆತ, ಸಹಜವಾಗಿ. "ಆಕಿ ಏನೂ ಬ್ಯಾಸರ ಮಾಡ್ಕೊಳ್ಳಾಂಗಿಲ್ಲ. ನಿಮಗೂ ರೂಢಿ ಆಕ್ಕೈತಿ."

ಮನೆ ಮುಟ್ಟುವ ಮೊದಲೇ, ಕಾರಿನಲ್ಲೇ ಭಾಗ್ಯಾ ಹೇಳಿದಳು, "ಅಪ್ಪಾ, ನನಗ ಈ ಸಂಬಂಧ ಬ್ಯಾಡ." ಅಣ್ಣ ಕಾರು ನಿಲ್ಲಿಸಿದ. ಹಿಂದೆ ಭತ್ತದ ಲಾರಿಯವನು ಹಾರ್ನ್ ಹೊಡೆದೇ ಹೊಡೆದ. "ಒಬ್ಬರು ಕೈ ತೊಳಕೊಂಡ್ರು ಅಂತ ಬಂದ ಸಂಬಂಧ ಬಿಡ್ತಾರೇನು? ಹಿರಿಯರು, ಹಳೇ ಮಂದಿ. ನೀ ಮದಿವ್ಯಾಗೂದು ಹುಡುಗನ್ನ. ಹೊಂದಿಕೊಂಡು ಹೋಗ್ಬೇಕವಾ" ಎಂದ. "ನಾ ಹೊಲದಾಗ ದಿನಾ ಜಗಳ ನೋಡ್ತೀನಿ. ಮನ್ಯಾಗ ಬಾಯಿ ಹೊಲಕೊಂಡು ಕುಂದ್ರಾಕ ನನಗಾಗಂಗಿಲ್ಲ" ಎಂದಳು ಅವಳು. ನಾನು ಅವಳ ಕಡೆ ಮಾತಾಡಿದೆ. "ನಿನ್ನಿಂದನ ಕೆಟ್ಟದ್ದು. ಅಲ್ಲಿ ಒದರಿ ಮಾನ ಕಳದಿ" ಎಂದು ಅಣ್ಣ ನನ್ನ ಮೇಲೆ ಹಾರಿದ.

ಮರುದಿನ ಅವರ ಕಡೆಯಿಂದ ಒಪ್ಪಿಗೆ ಬಂತು. ಹುಡುಗಿ ಛಲೋ ಅದಾಳ, ಅತ್ತಿಯ ಬಾಯಿ ಮಾತ್ರ ಜೋರು ಎಂದರಂತೆ. ಅಣ್ಣ ಹಿಗ್ಗಿದ. ಮಗಳು ಬೇಡ ಎಂದದ್ದನ್ನು ಅವನು ಕೇಳಿಸಿಕೊಂಡೇ ಇಲ್ಲವೇನೋ ಎಂಬಂತೆ ನಿಶ್ಚಯದ ಸಕ್ಕರೆ ಹಂಚಲು ದಿನ ನೋಡಿಸಿದ. ಅವಳು ಫೋನಿನಲ್ಲಿ ಹೇಳಿದಳು, ಎದುರಿಗೆ ಬಂದು ಹೇಳಿದಳು, ಅತ್ತು ಹೇಳಿದಳು, ಸಿಟ್ಟಿನಲ್ಲಿ ಹೇಳಿದಳು. "ಹುಡುಗ್ಯಾರು ಅಂದ್ರ ಮೊದಲ ಬ್ಯಾಡ ಅಂತಾರ, ಆಮ್ಯಾಲ ಸರಿ ಆಕ್ಕಾರ" ಎಂದು ಅವನು ಅಂಗಡಿಯ ಗಿರಾಕಿಗಳ ಮುಂದೆ ನಗುತ್ತಿದ್ದನಂತೆ. ಅಣ್ಣನೊಂದಿಗೆ ನಾನು ಜಗಳವಾಡಿದ್ದು ಹೊಸದಲ್ಲ. ಆದರೆ ಇಷ್ಟು ಕೈಸಾಗದೆ ಜಗಳವಾಡಿದ್ದು ಅದೇ ಮೊದಲು.

ಸಕ್ಕರೆಯ ಮಾತು ಮುಗಿಸಲೆಂದು ಅಣ್ಣ ನಮ್ಮಿಬ್ಬರನ್ನೂ ಗಂಗಾವತಿಗೆ ಕರೆಸಿದ್ದ. ಸಂಜೆ ಚಹಾದ ಹೊತ್ತು. ಅವನಿಗೆ ಫೋನು ಬಂತು. ಅವನದು ಯಾವಾಗಲೂ ಸ್ಪೀಕರ್ ಹಾಕಿ ಮಾತಾಡುವ ಚಟ, ಓಣಿಗೆಲ್ಲ ಕೇಳಬೇಕು.

"ಅಣ್ಣಾರ, ನಾ ಸಂತೋಷನ ತಾಯಿ ಮಾತಾಡಾಕತ್ತೀನ್ರಿ." ಆ ದನಿಯನ್ನು ನಾವು ಅದುವರೆಗೆ ಪಿಸುಮಾತಿನಲ್ಲಿ ಬಿಟ್ಟು ಕೇಳಿರಲಿಲ್ಲ. ಗಟ್ಟಿಯಾಗಿಯೇ ಇತ್ತು. "ನಮ್ಮ ಭಾವಾರು ಹೂಂ ಅಂದಾರ. ನನ್ನ ಮಗನೂ ಹೂಂ ಅಂದಾನ. ನನ್ನ ಯಾರೂ ಕೇಳಿಲ್ಲ, ಕೇಳೂದೂ ಇಲ್ಲ. ಕೇಳಲಾರದ ನಾನ ಹೇಳ್ತೀನ್ರಿ. ನಿಮ್ಮ ಹುಡುಗಿನ್ನ ಈ ಮನಿಗೆ ಕೊಡಬ್ಯಾಡ್ರಿ. ನನ್ನ ಮಗ ಕೆಟ್ಟಾವಲ್ರಿ. ಆದ್ರ ನಾ ಒದರಿದ್ರ ಅವಂಗ ಕೇಳ್ಸಾಂಗಿಲ್ಲ. ಆಕಿ ಒದರಿದ್ರೂ ಕೇಳ್ಸಾಂಗಿಲ್ರಿ."

ಅಣ್ಣ ಚಹಾದ ಕಪ್ಪನ್ನು ಕೆಳಗಿಟ್ಟ. ಆಮೇಲೆ, "ಆತ್ರಿ ಅಕ್ಕಾರ. ಕೊಡಂಗಿಲ್ರಿ" ಎಂದ. ಫೋನು ಇಟ್ಟು, ಕಣ್ಣೊರೆಸಿಕೊಂಡು, "ಪಾಪ, ಆ ತಾಯಿ ತನ್ನ ಮಗಂದ ಬಿಟ್ಟು ನಮ್ಮ ಮಗಳ ಸಲುವಾಗಿ ಮಾತಾಡಿದಳು. ಆಕಿ ಮಾತು ಹೆಂಗ ಮೀರೂದು? ಆತವಾ ಭಾಗ್ಯಾ, ಈ ಸಂಬಂಧ ಬ್ಯಾಡ. ಬಿಟ್ಟು ಬಿಡೂಣು" ಎಂದ. ದೊಡ್ಡ ಉಪಕಾರ ಮಾಡಿದವನ ಮುಖ ಅವನದು.

ಭಾಗ್ಯಾ ಖುಷಿಯಾಗುತ್ತಾಳೆ ಎಂದು ಅವನು ಎಣಿಸಿದ್ದ, ನಾನೂ ಎಣಿಸಿದ್ದೆ. ಅವಳು ಎದ್ದು ನಿಂತಳು. ಹೊಲದ ಬದುವಿನ ಮೇಲೆ ನಿಲ್ಲುತ್ತಾಳಲ್ಲ, ಹಾಗೆ.

"ಇದನ್ನ ನಾ ಮೊದಲನೇ ದಿನಾನ ಹೇಳಿದ್ನಲ್ಲಪ್ಪಾ" ಎಂದಳು. "ನಾ ಹೇಳಿದ್ದು ನಿನಗ ಯಾಕ ಕೇಳಿಸಲಿಲ್ಲ?"

ಅಣ್ಣ ನನ್ನ ಮುಖ ನೋಡಿದ. ಏನಾದರೂ ಹೇಳಿ ಬಿಡಿಸು ಎನ್ನುವ ನೋಟ ಅದು. ಬಾಯಿ ಮುಚ್ಚು ಎಂದು ಅಷ್ಟು ಸಲ ಹೇಳಿದ್ದನಲ್ಲ, ನಾನು ಬಾಯಿ ಮುಚ್ಚಿಕೊಂಡೇ ಕೂತೆ. ಅವಳು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.